ತಲೆಕೆಳಗಾದ ಸಿಲಿಂಡರ್

ಸತ್ತವರು ಬಂದು ಹೋಗುತ್ತಾರೆ ಎಂದು ಯಾರಾದರೂ ಶುರುಮಾಡಿದರೆ ನಾನು ಎದ್ದು ಬೇರೆ ಕೋಣೆಗೆ ಹೋಗಿಬಿಡುತ್ತಿದ್ದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು ನಾನು. ಅಂಥ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ನನ್ನ ಗಂಡ ಧಾರವಾಡದ ಕಡೆಯವರು. ಮುಂಬೈ ಬಂದರಿನಲ್ಲಿ ನೀರಿಗಿಳಿದು ಹಡಗುಗಳ ತಳ ಪರೀಕ್ಷಿಸುವ ಕೆಲಸ. ರವಿವಾರ ಗೋರೆಗಾಂವ್‌ನ ಒಂದು ಈಜುಕೊಳದಲ್ಲಿ ಸ್ಕೂಬಾ ಕಲಿಸುತ್ತಿದ್ದರು. ನನಗೂ ಅವರೇ ಗುರು. ಒಮ್ಮೆ ಲೋಕಲ್ ರೈಲಿನ ಬಾಗಿಲಲ್ಲಿ ಜೋತು ಬರುವಾಗ ಬಲಭುಜಕ್ಕೆ ಏಟು ಬಿದ್ದು, ಆ ಕೈ ಕಿವಿಯಿಂದ ಮೇಲೆ ಏಳದಾಯಿತು. ಸ್ಕೂಬಾದಲ್ಲಿ ಗಾಳಿಯ ಸಿಲಿಂಡರನ್ನು ವಾಲ್ವ್ ಮೇಲಾಗಿ, ಕತ್ತಿನ ಹಿಂದೆ ಬರುವಂತೆ ಕಟ್ಟಿಕೊಳ್ಳುತ್ತಾರೆ. ಗಾಳಿ ನಿಂತರೆ ಕೈಯನ್ನು ತಲೆಯ ಹಿಂದೆ ಒಯ್ದು ತಿರುಗಿಸಬೇಕು. ಇವರಿಗೆ ಅದಾಗದು. ಹಾಗಾಗಿ ಸಿಲಿಂಡರನ್ನೇ ತಲೆಕೆಳಗು ಮಾಡಿ, ವಾಲ್ವ್ ಸೊಂಟದ ಹಿಂದೆ ಬರುವಂತೆ ಕಟ್ಟಿದರು. ಅದಕ್ಕೇನೂ ತಾಗದಿರಲೆಂದು ಸುತ್ತ ಒಂದು ಸ್ಟೀಲಿನ ಪಟ್ಟಿ, ಬಾಯಿಗೆ ಮುಟ್ಟಲು ಉದ್ದದ ಪೈಪು. ಕೊಳದ ಬಳಿ ಎಲ್ಲರೂ ನಕ್ಕರು, ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

"ನಗರಿ, ನಗರಿ. ಕೈಗೆ ನಿಲುಕಲಾರದ ಕಡೆ ಗಾಳಿ ಇಟ್ಕೊಂಡು ಏನ ಮಾಡೂದೈತಿ?" ಎಂದರು.

ಅವರದೊಂದು ರೂಢಿಯಿತ್ತು. ನೀರಿಗಿಳಿಯುವ ಮುನ್ನ ಜೊತೆಯವರ ವಾಲ್ವ್ ಪೂರ್ತಿ ತೆರೆದಿದೆಯೇ ಎಂದು ತಾವೇ ತಿರುಗಿಸಿ ನೋಡಿ, ಉಂಗುರ ತೊಟ್ಟ ಬೆರಳಿನಿಂದ ಸಿಲಿಂಡರಿಗೆ ಎರಡು ಸಲ ಬಡಿಯುವುದು. ಟಣ್, ಟಣ್. ಅದು ಕೇಳದೆ ನಾನು ಎಂದೂ ಇಳಿದವಳಲ್ಲ.

ಅವರು ಹೋದದ್ದು ನೀರಿನಲ್ಲಲ್ಲ. ಮೊದಲು ಜ್ವರ, ಆಮೇಲೆ ಶ್ವಾಸಕೋಶಕ್ಕೆ ಸೋಂಕು, ಆಮೇಲೆ ಆಸ್ಪತ್ರೆಯ ಆಕ್ಸಿಜನ್. ಊರಿಗೆಲ್ಲ ನೀರಿನೊಳಗೆ ಉಸಿರಾಡಲು ಕಲಿಸಿದ ಮನುಷ್ಯ ಹಾಸಿಗೆಯ ಮೇಲೆ ಉಸಿರಿಗಾಗಿ ಒದ್ದಾಡಿ ಹೋದರು. ಆಮೇಲಿನ ವರ್ಷದ ಬಗ್ಗೆ ಹೆಚ್ಚು ಹೇಳಲಾರೆ. ಬೆಳಿಗ್ಗೆ ಏಳಲು ಮನಸ್ಸಾಗುತ್ತಿರಲಿಲ್ಲ. ದೇವರಿಗೆ ದೀಪ ಹಚ್ಚುವಾಗಲೂ ಒಂದೇ ಬೇಡಿಕೆ: ನನ್ನನ್ನೂ ಅವರಿದ್ದಲ್ಲಿಗೆ ಕರೆದುಕೋ.

ಕೊನೆಗೆ ಅವರ ಆ ಸ್ಕೂಬಾ ಸೆಟ್ಟನ್ನು ಅವರ ಶಿಷ್ಯೆ ಸವಿತಾಳಿಗೆ ಕೊಡುವುದೆಂದು ಗಟ್ಟಿಮನಸ್ಸು ಮಾಡಿದೆ. ಮುಂಬೈಯ ಮಾಟುಂಗದಲ್ಲೇ ಹುಟ್ಟಿ ಬೆಳೆದವಳು, ಒಳ್ಳೆಯ ಹುಡುಗಿ. ಕೊಡುವ ಮುನ್ನ ಒಂದೇ ಒಂದು ಸಲ, ಅವರು ಕಟ್ಟುತ್ತಿದ್ದ ಹಾಗೇ ಕಟ್ಟಿಕೊಂಡು ಮುಳುಗಬೇಕೆನಿಸಿತು. ಒಂದು ಮಧ್ಯಾಹ್ನ ಮಕ್ಕಳ ಕ್ಲಾಸು ಮುಗಿದ ಮೇಲೆ ಇಬ್ಬರೂ ಕೊಳಕ್ಕೆ ಹೋದೆವು. ಬಳೆ, ವಾಚು ಬಿಚ್ಚಿ ಅವಳ ಬ್ಯಾಗಿನಲ್ಲಿಟ್ಟೆ.

ಗಾಳಿ ಎಷ್ಟಿದೆಯೆಂದು ಮೀಟರಿನಲ್ಲಿ ನೋಡಲೆಂದು ವಾಲ್ವನ್ನು ತುಸುವೇ ತೆರೆದಿದ್ದೆ. ಬೆನ್ನಿಗೇರಿಸಿದ ಮೇಲೆ ಅವರಂತೆಯೇ ಸೊಂಟದ ಹಿಂದೆ ಕೈಹಾಕಿ ಅದನ್ನು ತಿರುಗಿಸಿದೆ. ತಲೆಕೆಳಗಾದ ವಾಲ್ವ್ ನನ್ನ ಕೈಗೆ ಹೊಸತು; ದಿಕ್ಕು ತಪ್ಪಿತು. ತೆರೆದೆನೆಂದುಕೊಂಡು ಹೆಚ್ಚುಕಡಿಮೆ ಮುಚ್ಚಿದ್ದೆ. ಸವಿತಾ ಮೀಟರ್ ನೋಡಿದಳು. ಪೈಪಿನಲ್ಲಿ ಉಳಿದಿದ್ದ ಗಾಳಿಗೇ ಮುಳ್ಳು ಸಿಲಿಂಡರ್ ತುಂಬಿದೆಯೆಂದು ತೋರಿಸುತ್ತಿತ್ತು. ಸಿಲಿಂಡರ್ ಬಡಿಯುವವರು ಮಾತ್ರ ಯಾರೂ ಇರಲಿಲ್ಲ.

ಆಳದ ಕಡೆ ತಳ ಮುಟ್ಟಿ ಒಂದೆರಡು ಸಲ ಉಸಿರೆಳೆದಿದ್ದೆನಷ್ಟೇ, ಗಾಳಿ ನಿಂತಿತು. ಎಷ್ಟು ಎಳೆದರೂ ಇಲ್ಲ. ಕಲಿತದ್ದೆಲ್ಲ ಮರೆತು ಎರಡೂ ಕೈ ತಲೆಯ ಹಿಂದೆ ಓಡಿದವು. ಅಲ್ಲಿ ಸಿಲಿಂಡರಿನ ಬೋಳು ತಳ. ವಾಲ್ವ್ ಸೊಂಟದ ಹತ್ತಿರವಿದೆ ಎಂಬುದೂ, ಮೇಲೇಳಬಹುದು ಎಂಬುದೂ ಹೊಳೆಯಲಿಲ್ಲ. ಬೇಡಿಕೊಂಡದ್ದು ಸಿಕ್ಕಿತು ಎಂದಷ್ಟೇ ಅನಿಸಿತು.

ಆಗ ಸೊಂಟದ ಹಿಂದೆ ಏನೋ ತಿರುಗಿತು. ಟಣ್, ಟಣ್. ಕಿವಿಗಿಂತ ಬೆನ್ನಿಗೇ ಅದು ಹೆಚ್ಚು ಕೇಳಿಸಿತು. ಬಾಯಿ ತುಂಬ ಗಾಳಿ ಬಂತು. ನಾನು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಕಾಲಿಗೆ ತಂದು ಮೇಲಕ್ಕೆ ಒದ್ದೆ.

ಸವಿತಾ ಅಷ್ಟೂ ಹೊತ್ತು ಮಾಸ್ಕ್ ಹಾಕಿಕೊಂಡು ನೀರಿನ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು. ನನಗೆ ಗಾಬರಿಯಾದದ್ದು ಕಂಡು ಕೆಳಗೆ ಧುಮುಕುವುದರಲ್ಲಿದ್ದಳಂತೆ.

"ನನ್ನ ಹಿಂದೆ ಯಾರಿದ್ದರು?" ಎಂದೆ.

"ಕೋಯೀ ನಹೀ ಆಂಟಿ, ಯಾರೂ ಇಲ್ಲ. ನಿಮ್ದು ದೋನೋ ಕೈ ಮೇಲೆ ಇತ್ತು, ತಲೆ ಪೀಛೆ. ನಾನು ನೋಡ್ತಾ ಇದ್ದೆ ನಾ."

ದಡದ ಮೇಲೆ ಕೂತು ಅವಳೇ ವಾಲ್ವ್ ಪರೀಕ್ಷಿಸಿದಳು. ಕೊನೆಯ ಸುತ್ತಿನವರೆಗೂ ತೆರೆದಿತ್ತು. ಅವರ ಉಂಗುರ ಮನೆಯ ಕಪಾಟಿನಲ್ಲಿತ್ತು, ಈಗಲೂ ಅಲ್ಲೇ ಇದೆ. ಗೋಡೆಗೆ ಉಜ್ಜಿ ತಿರುಗಿರಬಹುದೇ? ನಾನಿದ್ದದ್ದು ಕೊಳದ ನಡುವೆ. ಗಾಬರಿಯಲ್ಲಿ ನಾನೇ ತಿರುಗಿಸಿದೆನೇ? ಕೈಗಳಿದ್ದದ್ದು ತಲೆಯ ಹಿಂದೆ. ಹುಡುಗರಿಗೆ ಪಾಠ ಮಾಡುವ ನನಗೆ ಇದರ ಲೆಕ್ಕ ಇಂದಿಗೂ ಹತ್ತಿಲ್ಲ.

ಸೆಟ್ಟನ್ನು ಸವಿತಾಳಿಗೆ ಕೊಟ್ಟೆ. ಅವಳ ಕೈ ಚೆನ್ನಾಗಿಯೇ ಮೇಲೇಳುತ್ತದೆ. ಸಿಲಿಂಡರನ್ನು ಎಲ್ಲರಂತೆ ನೆಟ್ಟಗೆ ಕಟ್ಟಿಕೊಂಡಳು. ಅದು ಸರಿಯೇ.

ವಾಲ್ವ್ ತೆರೆದವರು ಯಾರೆಂದು ನಾನೀಗ ಯಾರನ್ನೂ ಕೇಳುವುದಿಲ್ಲ. ಬೇರೆಯದೇ ಒಂದು ನೋವಿದೆ. ಒಂದು ವರ್ಷ ಹಗಲೂ ರಾತ್ರಿ ಅವರ ಬಳಿಗೆ ಹೋಗಬೇಕೆಂದು ಅತ್ತವಳು ನಾನು. ಅಂದು ಅವರೇ ಬಂದಿದ್ದರೆ, ನನ್ನ ಬೆನ್ನಿಗೆ ತಾಗಿಕೊಂಡೇ ನಿಂತಿದ್ದರು. ಉಸಿರು ಸಿಕ್ಕಿದ್ದೇ ತಡ, ನಾನು ಒಮ್ಮೆ ತಿರುಗಿಯೂ ನೋಡದೆ ಮೇಲೆ ಬಂದುಬಿಟ್ಟೆ.