ಬೆಲ್‌ವೆದರ್ ಎಂಬ ಟಗರು

ಚಹಾಕ್ಕೆ ಖಾರಿ ಬಿಸ್ಕೀಟು ಅದ್ದಿಕೊಂಡು ಪೇಪರು ಓದುವವನ ಕೈಗೆಟುಕುವಷ್ಟು ಹತ್ತಿರ ನಿಘಂಟು ಇರಬಾರದು, ಗೆಳೆಯರೇ; ಖಾರಿ ಕರಗಿ ತಳ ಸೇರುತ್ತದೆ. ಮೊನ್ನೆ ಇಚಲಕರಂಜಿಯ ನನ್ನ ಮನೆಯಲ್ಲಿ ಆದದ್ದು ಅದೇ. ಯಾವುದೋ ಕಂಪನಿಯ ಷೇರು ಇಡೀ ಪೇಟೆಗೆ ‘ಬೆಲ್‌ವೆದರ್’, ಅದು ಹೋದತ್ತಲೇ ಉಳಿದವೂ ಹೋಗುತ್ತವೆ ಎಂದು ಪೇಪರಿನಲ್ಲಿ ಬರೆದಿತ್ತು. ಬೆಲ್ ಎಂದರೆ ಗಂಟೆ, ಸರಿ. ವೆದರ್ ಎಂದರೆ ಬೀಜ ಒಡೆಸಿದ ಟಗರಂತೆ! ಇಂಗ್ಲೆಂಡಿನ ಕುರಿಗಾರರು ಅದರ ಕೊರಳಿಗೆ ಗಂಟೆ ಕಟ್ಟಿ ಮುಂದೆ ಬಿಡುತ್ತಿದ್ದರಂತೆ. ಷೇರುಪೇಟೆಯ ಸೂಟುಬೂಟಿನವರ ಬಾಯಲ್ಲಿ ನಮ್ಮ ಹಟ್ಟಿಯ ಟಗರನ್ನು ಕಂಡು ಮೈ ಜುಮ್ಮೆಂದಿತು.

ನಮ್ಮದೆಂದೆ, ಏಕೆಂದರೆ ಗಡಹಿಂಗ್ಲಜದ ಹತ್ತಿರ ನನ್ನ ಸೋದರಮಾವ ಬೀರಪ್ಪನ ಹಿಂಡಿನಲ್ಲಿ ಅಂಥದೇ ಒಂದಿದೆ. ತಾಯಿ ಸತ್ತ ಮರಿಯನ್ನು ಮಾವ ಆಡಿನ ಹಾಲು ಕುಡಿಸಿ, ತನ್ನ ಕಂಬಳಿಯೊಳಗೇ ಮಲಗಿಸಿಕೊಂಡು ಬೆಳೆಸಿದ. ಅದು ಅವನ ಹೆಜ್ಜೆ ಬಿಟ್ಟು ಕದಲದು, ಹಿಂಡು ಅದರ ಹೆಜ್ಜೆ ಬಿಟ್ಟು ಕದಲದು.

ಹೋದ ಮಳೆಗಾಲದಲ್ಲಿ ನಾನು ಅಲ್ಲಿದ್ದಾಗ ಹಳ್ಳಕ್ಕೆ ನೀರು ಏರತೊಡಗಿತು. ಹಿಂಡು ತಗ್ಗಿನ ದಂಡೆಯಲ್ಲಿತ್ತು. ಬೇಗ ದಾಟಿಸದಿದ್ದರೆ ಒಂದೂ ಉಳಿಯುವಂತಿರಲಿಲ್ಲ. ಅಂದೇ ಆ ಟಗರಿನ ಕಾಲಿಗೆ ಮುಳ್ಳು ನಟ್ಟು ಕುಂಟುತ್ತಿತ್ತು. ನಾನು ನಾಲ್ಕಕ್ಷರ ಕಲಿತವನಲ್ಲವೇ, ಅದರ ಗಂಟೆ ಬಿಚ್ಚಿ ಕಟ್ಟುಮಸ್ತಾದ ಇನ್ನೊಂದು ಟಗರಿಗೆ ಕಟ್ಟಿ ನೀರಿಗೆ ದಬ್ಬಿದೆ. ಅದು ಗಣಗಣ ಎನ್ನುತ್ತ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂತು. ಒಂದು ಕುರಿಯೂ ಕಾಲೆತ್ತಲಿಲ್ಲ.

“ಗಂಟಿ ಯಾರ ಕೊಳ್ಳಾಗ ಇದ್ರ ಏನಾತೋ ಅಳಿಯಾ? ಸರಿ ಅತ್ತಾಗ,” ಎಂದ ಮಾವ ತಾನೇ ನೀರಿಗಿಳಿದ.

ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಕುಂಟು ಟಗರು ಬರಿಗೊರಳು ಚಾಚಿ ಅವನ ಬೆನ್ನು ಹತ್ತಿತು. ಅದರ ಹಿಂದೆ, ಯಾರೂ ಹೊಡೆಯದೆ, ಯಾರೂ ಕೂಗದೆ, ಇಡೀ ಹಿಂಡು ಕೆಂಪು ನೀರಿನಲ್ಲಿ ಮೂತಿ ಮೇಲೆತ್ತಿ ನಡೆಯಿತು. ನಡುಹಳ್ಳದಲ್ಲಿ ಮಾವನ ಕಾಲಿಗೆ ನೆಲ ಸಿಗದಾಯಿತು; ಕೈ ಬಡಿಯುತ್ತ ಮುಂದೆ ಸಾಗಿದ. ಹೊಸದೊಂದು ಬಂದೊಡನೆ ಮುಗಿಬೀಳುವ ಜನರನ್ನು ಕುರಿಮಂದೆ ಎಂದು ಹಳಿಯುವ ನಾಲಗೆ ನನ್ನದು. ಇಷ್ಟು ಜೀವಗಳು ಒಂದು ಜೀವಕ್ಕೆ ತಮ್ಮನ್ನು ಒಪ್ಪಿಸಿಬಿಟ್ಟದ್ದನ್ನು ಕಂಡು ಆ ಹೊತ್ತು ಕೈ ಮುಗಿಯಬೇಕೆನಿಸಿತು. ಕೊನೆಯ ಕುರಿಯ ಹಿಂದೆ ನಾನೂ ಇಳಿದೆ.

ಆಚೆ ದಂಡೆಯಲ್ಲಿ ಮಾವ ಕಂಬಳಿ ಹಿಂಡುತ್ತಿದ್ದ.

“ಭಾಳ ಚಲೋ ಈಜತಿ ಬಿಡು ಮಾಮಾ,” ಎಂದೆ.

“ನನಗೆಲ್ಲಿ ಈಜಾಕ ಬರತೈತೋ?” ಎಂದ, ಮೈ ಕೊಡವುತ್ತಿದ್ದ ಕುರಿಗಳನ್ನೇ ನೋಡುತ್ತ. “ನಡುವ ಹೋದಾಗ ತಿರುಗಿ ನೋಡಿದ್ನಿ. ಇಷ್ಟೂ ನನ್ನ ಹಿಂದ ಬರಾಕತ್ತಿದ್ವು. ಹೆಂಗ ಮುಳುಗಲಿ ಹೇಳು?”