ಗೋಪಾಳದ ಅಕ್ಕಿ ಬೇಡವೆಂದ ತಾಯಿ

ಹೋದ ಶ್ರಾವಣದಲ್ಲಿ ನಾನು ಭಿಕ್ಷೆ ಬೇಡಿದೆ.

ಗಾಬರಿಯಾಗಬೇಡಿ. ಯಜಮಾನರ ಪೆನ್ಷನ್ ಬರುತ್ತಿದೆ, ಅಕ್ಕಿ ಡಬ್ಬಿ ತುಂಬಿದೆ, ಎಲ್ಲ ತಿಮ್ಮಪ್ಪನ ದಯೆ. ಆದರೂ ಹಣೆಗೆ ನಾಮ ಇಟ್ಟುಕೊಂಡು, ನಾಮ ಬಳಿದ ತಾಮ್ರದ ತಂಬಿಗೆ ಹಿಡಿದು, ತೆಲುಗು ಸೀಮೆಗೆ ಸೇರಿದ ನಮ್ಮ ಆದೋನಿಯ ಬಿಸಿಲಲ್ಲಿ ಕಂಡವರ ಬಾಗಿಲಿಗೆ ಹೋಗಿ “ವೆಂಕಟರಮಣಾ ಗೋವಿಂದಾ” ಎಂದು ಕೂಗಿದೆ. ಜೊತೆಗೆ ನಮ್ಮ ಭಜನಾ ಮಂಡಳಿಯ ಹೆಂಗಸರು. ಎಲ್ಲರಿಗೂ ಮೊಣಕಾಲು ನೋವು, ಎಲ್ಲರಿಗೂ ಶಾರೀರ ಚೆನ್ನಾಗಿದೆ ಎಂಬ ನಂಬಿಕೆ.

ತಿಮ್ಮಪ್ಪ ಮನೆದೇವರಾದವರಿಗೆ ಇದು ಹೊಸದಲ್ಲ. ಶ್ರಾವಣ ಶನಿವಾರ ಎಂಥ ಸಾಹುಕಾರನಾದರೂ ಐದು ಮನೆ ಬೇಡಬೇಕು. ಅದನ್ನು ಗೋಪಾಳ ಎನ್ನುತ್ತೇವೆ. ಮನುಷ್ಯನ ಸೊಕ್ಕು ಇಳಿಯಲಿ ಎಂದು ಹಿರಿಯರು ಮಾಡಿದ ಏರ್ಪಾಡು. (ಐದು ಮನೆಗೆ ಎಷ್ಟು ಇಳಿಯುತ್ತದೋ ಅಷ್ಟು.)

ಆದರೆ ಈ ಸಲ ನಾವು ಸೊಕ್ಕು ಇಳಿಸಿಕೊಳ್ಳಲು ಹೊರಟಿರಲಿಲ್ಲ. ಮಕ್ಕಳ ಮಧ್ಯಾಹ್ನದ ಊಟಕ್ಕೆ ಹೊರಟಿದ್ದೆವು.

ನಮ್ಮ ಮಂಡಳಿಯವರು ಭಜನಾ ಮಂದಿರದ ಹಿಂದಿನ ಕೋಣೆಯಲ್ಲಿ ಒಂದು ಕೂಸಿನ ಮನೆ ನಡೆಸುತ್ತೇವೆ. ಮಾರ್ಕೆಟ್ ಯಾರ್ಡಿಗೆ ಕೂಲಿಗೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟುಹೋಗುತ್ತಾರೆ, ಸಂಜೆ ಕರೆದೊಯ್ಯುತ್ತಾರೆ. ಮಧ್ಯಾಹ್ನ ಬಿಸಿ ಊಟ, ಒಂದು ಮೊಟ್ಟೆ, ಆಮೇಲೆ ನಿದ್ದೆ. ಕೋಣೆ ಮಂದಿರದ್ದು, ಸೇವೆ ನಮ್ಮದು. ಊಟದ ಖರ್ಚಿಗೂ ಅಡುಗೆಯ ತಾಯಮ್ಮನ ಸಂಬಳಕ್ಕೂ ಸರ್ಕಾರದ ಗ್ರಾಂಟ್ ಬರುತ್ತಿತ್ತು.

ಬರುತ್ತಿತ್ತು. ಆಮೇಲೆ ತಡವಾಗಿ ಬಂತು. ಆಮೇಲೆ ಅರ್ಧ ಬಂತು. ಆಮೇಲೆ ಬರಲಿಲ್ಲ.

ನಮ್ಮ ಅಧ್ಯಕ್ಷೆ ಸುಶೀಲಮ್ಮ ರಿಟೈರ್ಡ್ ಟೀಚರು. ಯಾವ ಆಫೀಸಿಗೆ ಹೋದರೂ ಅಲ್ಲಿ ಒಬ್ಬನಾದರೂ ಅವರ ಹಳೆಯ ಶಿಷ್ಯ ಇರುತ್ತಾನೆ. ಗ್ರಾಂಟ್ ಕೇಳಲು ಹೋದ ಆಫೀಸಿನಲ್ಲೂ ಇದ್ದ. ಎದ್ದು ನಿಂತ, ನಮಸ್ಕಾರ ಮಾಡಿದ, ಫ್ಯಾನು ಹಾಕಿಸಿದ. ಆಮೇಲೆ ತೆಲುಗಿನಲ್ಲಿ ಹೇಳಿದ: “ಈಸಾರಿ ಫಂಡ್ಸ್ ಲೇವು ಟೀಚರ್. ಮೀರೇ ಏದೋ ಅಡ್ಜಸ್ಟ್ ಚೇಸುಕೋಂಡಿ.” ದುಡ್ಡಿಲ್ಲ, ನೀವೇ ಏನಾದರೂ ಹೊಂದಿಸಿಕೊಳ್ಳಿ ಅಂತ.

ಹೊಂದಿಸಿಕೊಂಡೆವು. ಹೆಂಗಸರಿಗೆ ಅದನ್ನು ಯಾರಾದರೂ ಕಲಿಸಬೇಕೆ? ಮೊದಲು ಮೊಟ್ಟೆ ಹೋಯಿತು. ಹಾಲು ತೆಳ್ಳಗಾಯಿತು. ಬೇಳೆ ಸಾರಿನಲ್ಲಿ ಬೇಳೆ ಹುಡುಕುವ ಹಾಗಾಯಿತು. ತಾಯಮ್ಮ ಸಂಬಳದ ಮಾತೆತ್ತಲಿಲ್ಲ, ಪಾತ್ರೆಗಳನ್ನು ಮಾತ್ರ ಮೊದಲಿಗಿಂತ ಜೋರಾಗಿ ಕುಕ್ಕತೊಡಗಿದಳು. ಅಷ್ಟರಲ್ಲಿ ಶ್ರಾವಣ ಬಂತು.

“ಗೋಪಾಳ ಎತ್ತೋಣು,” ಅಂದರು ಸುಶೀಲಮ್ಮ. “ಐದು ಮನಿ ಅಲ್ಲ, ಊರೆಲ್ಲಾ. ದೇವರ ಹೆಸರಿನ್ಯಾಗ ಕೇಳಿದ್ರ ಇಲ್ಲ ಅನ್ನಾಕ ಯಾರಿಗೆ ಬಾಯಿ ಬರ್ತೈತಿ?”

ಯಾರಿಗೂ ಬರಲಿಲ್ಲ. ಮೊದಲ ಶನಿವಾರವೇ ಚೀಲಗಳು ತುಂಬಿದವು. ಹೋದಲ್ಲೆಲ್ಲ ಕುರ್ಚಿ ಹಾಕಿದರು, ಮಜ್ಜಿಗೆ ಕೊಟ್ಟರು. ಒಬ್ಬರ ಮನೆಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯೂ ಆಯಿತು. (ಭಿಕ್ಷುಕರಿಗೆ ಮಿರ್ಚಿ ಬಜ್ಜಿ ಕೊಡುವ ಊರು ನಮ್ಮದು.) ಮಳೆ ಬರಲಿಲ್ಲ, ಅದೊಂದು ಪುಣ್ಯ. ಚೀಲ ಹೊರಲು ಆಟೋದವನು ಬಾಡಿಗೆ ತೆಗೆದುಕೊಳ್ಳಲಿಲ್ಲ, ಅದೊಂದು ಪುಣ್ಯ. ರಾತ್ರಿ ದೇವರ ಮುಂದೆ ದೀಪ ಹಚ್ಚುವಾಗ ನನಗೆ ಒಳಗೊಳಗೇ ಒಂದು ಹೆಮ್ಮೆ. ಸರ್ಕಾರ ಕೈಬಿಟ್ಟರೂ ತಿಮ್ಮಪ್ಪ ಬಿಡಲಿಲ್ಲ ನೋಡು ಅಂತ.

ಸೋಮವಾರ ಉರುಕುಂದಮ್ಮ ಮಗಳನ್ನು ಬಿಡಲು ಬಂದಳು.

ಉರುಕುಂದಮ್ಮ ಪೆದ್ದಕಡುಬೂರಿನ ಕಡೆಯವಳು. ಗಂಡ ಇಲ್ಲ. ಯಾರ್ಡಿನಲ್ಲಿ ಶೇಂಗಾ ಹಸನು ಮಾಡುವ ಕೂಲಿ. ಮಗಳು ಪಾವನಿಗೆ ಇನ್ನೂ ಮೂರು ತುಂಬಿಲ್ಲ, ಚಪ್ಪಲಿಯನ್ನು ಯಾವಾಗಲೂ ಅದಲುಬದಲು ಹಾಕುತ್ತಾಳೆ. ಅವತ್ತು ತಾಯಮ್ಮ ಅಂಗಳದಲ್ಲಿ ಹಳೆಯ ಪಂಚೆ ಹಾಸಿ ಶನಿವಾರದ ಅಕ್ಕಿ ಆರಿಸುತ್ತಿದ್ದಳು. ನಾನು ಜೊತೆಗೆ ಕೂತಿದ್ದೆ. ಉರುಕುಂದಮ್ಮ ಬಗ್ಗಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರವಿದಳು.

ಬೇಡಿದ ಅಕ್ಕಿಯನ್ನು ನೀವು ನೋಡಿದ್ದೀರಾ? ಅದಕ್ಕೆ ಒಂದು ಬಣ್ಣವಿಲ್ಲ. ಒಂದು ಕಾಳು ಸಣ್ಣ, ಒಂದು ದಪ್ಪ. ಒಂದು ಬಿಳಿ, ಒಂದು ಹಳದಿ. ಸಾಹುಕಾರನ ಸೋನಾ ಮಸೂರಿಯ ಪಕ್ಕದಲ್ಲೇ ರೇಷನ್ ಅಕ್ಕಿ. ಬೇಯುವಾಗಲೂ ಹಾಗೇ, ಒಂದು ಕಾಳು ಗಂಜಿಯಾದರೆ ಇನ್ನೊಂದು ಕಲ್ಲು.

“ಈ ಅಕ್ಕಿ ನನಗ ಗೊತ್ತೈತಿ,” ಅಂದಳು.

ಹಿಡಿ ಅಕ್ಕಿಯನ್ನು ಮೆಲ್ಲಗೆ ಪಂಚೆಯ ಮೇಲೆ ಬಿಟ್ಟು, ಮಗಳನ್ನು ಸೊಂಟಕ್ಕೆ ಎತ್ತಿಕೊಂಡು, ಬಂದ ದಾರಿಯಲ್ಲೇ ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಕೂಸನ್ನು ಯಾರ್ಡಿಗೇ ಒಯ್ಯುತ್ತಿದ್ದಾಳೆ ಎಂದು ಉಳಿದ ತಾಯಂದಿರು ಹೇಳಿದರು. ಸುಶೀಲಮ್ಮ, ನಾನು ಹೋದೆವು.

ನಮ್ಮ ಯಾರ್ಡ್ ನೋಡಿದವರಿಗೆ ಹೇಳಬೇಕಾಗಿಲ್ಲ. ನೋಡದವರಿಗೆ ಇಷ್ಟು: ಟ್ರ್ಯಾಕ್ಟರು, ಲಾರಿ, ಹಮಾಲರು, ಧೂಳು, ಹರಾಜಿನ ಕೂಗು. ಅದರ ನಡುವೆ ಶೇಂಗಾ ರಾಶಿಯ ಪಕ್ಕ ಪಾವನಿ. ಸೊಂಟಕ್ಕೆ ಹಳೆ ಸೀರೆಯ ತುಂಡು ಸುತ್ತಿ, ಅದರ ಇನ್ನೊಂದು ತುದಿಯನ್ನು ಶೆಡ್ಡಿನ ಕಂಬಕ್ಕೆ ಕಟ್ಟಿದ್ದಳು ತಾಯಿ. ಸೀರೆ ಎಷ್ಟು ಉದ್ದವೋ ಅಷ್ಟು ದೂರ ಓಡಾಟ. ನಾವು ನೋಡುತ್ತಿದ್ದಂತೆಯೇ ಟ್ರ್ಯಾಕ್ಟರೊಂದು ಹಿಂದಕ್ಕೆ ಬಂತು. ಹಮಾಲನೊಬ್ಬ ಟ್ರೈಲರಿನ ಹಲಗೆಗೆ ಧಡಧಡ ಬಡಿದು ನಿಲ್ಲಿಸಿದ.

“ಎವರಿ ಪಾಪಮ್ಮಾ ಇದಿ?” ಎಂದು ಡ್ರೈವರ್ ಕೂಗಿದ. ಯಾರ ಮಗುವಮ್ಮಾ ಇದು?

“ನಾದೇ, ನಾದೇ! ಕಟ್ಟೀನಿ ಅಣ್ಣಾ, ಬರಂಗಿಲ್ಲ ಆಕಿ,” ಅಂದಳು ಉರುಕುಂದಮ್ಮ, ಜರಡಿ ನಿಲ್ಲಿಸದೆ.

ಸುಶೀಲಮ್ಮನ ಮುಖ ಬಿಳುಚಿತ್ತು. “ಏನವ್ವಾ ಇದು? ಕರುವಿನಂಗ ಕಟ್ಟಿಯಲ್ಲ! ಸೆಂಟರಿಗೆ ಯಾಕ ಬಿಡವಲ್ಲಿ? ತಾಯಮ್ಮ ಏನಾರ ಅಂದ್ಲಾ?”

“ಆಕಿ ಏನಂತಾಳ ಪಾಪ. ನನ್ನ ಮಗಳು ತಿರುಪಿ ಅನ್ನ ಉಣ್ಣೂದು ಬ್ಯಾಡ್ರಿ.”

“ತಿರುಪಿ ಅಲ್ಲವ್ವಾ, ಗೋಪಾಳ! ತಿಮ್ಮಪ್ಪನ ಹೆಸರಿಲೆ ಎತ್ತಿದ್ದು. ಪ್ರಸಾದ ಇದ್ದಂಗ.”

“ನೀವು ಬೇಡಿದ್ರ ಗೋಪಾಳ. ನಮ್ಮವ್ವ ಬೇಡಿದ್ರ ತಿರುಪಿ. ಹೌದಿಲ್ರಿ?” ಅಂದಳು. ಸಿಟ್ಟಿನಿಂದಲ್ಲ, ಶೇಂಗಾದಲ್ಲಿ ಕಲ್ಲು ಆರಿಸುವಷ್ಟೇ ನಿಧಾನವಾಗಿ. “ಸುಗ್ಗಿ ಇಲ್ಲದಾಗ ನಮ್ಮವ್ವ ಮನಿಮನಿ ಬಾಗಿಲಾಗ ಉಡಿ ಒಡ್ಡಿ ನಿಂದ್ರುತಿದ್ಲು. ಹಿಂಗಾ ಹತ್ತು ನಮೂನಿ ಅಕ್ಕಿ ತರ್ತಿದ್ಲು. ನಾ ಉಂಡೀನಿ. ಈ ಕೂಸು ಉಣ್ಣಬಾರ್ದಂತ ಕೂಲಿ ಮಾಡ್ತೀನ್ರಿ.”

“ಮತ್ತ ಇಷ್ಟು ದಿನ ಸರ್ಕಾರದ್ದು ಉಂಡಿತಲ್ಲ ಕೂಸು? ಅದೂ ಪುಕ್ಕಟೇನ ಅಲ್ಲೇನು?” ನಾನು ಕೇಳಿದೆ. ಕೇಳಬಾರದಿತ್ತೋ ಏನೋ.

“ಪುಕ್ಕಟೆ ಯಾಕ್ರಿ? ವೋಟು ಹಾಕೀನಿ. ಬಟ್ಟಿ ತೊಳಿಯೂ ಸಬಕಾರ ತಗಂಡ್ರ ಟ್ಯಾಕ್ಸು, ಕಡ್ಡಿಪೆಟ್ಟಿಗಿ ತಗಂಡ್ರ ಟ್ಯಾಕ್ಸು ಅಂತಾರ. ಅದರಾಗ ನಂದೂ ಒಂದು ಅಗಳು ಐತಿ. ನಿಮ್ಮ ಚೀಲದಾಗ ನಂದೇನೈತಿ ಹೇಳ್ರಿ?”

ಜರಡಿಯಲ್ಲಿ ಉಳಿದ ಕಲ್ಲನ್ನು ಆಚೆ ಚೆಲ್ಲಿದಳು.

“ನಮ್ಮ ಓಣಿಗೆ ಬರಲೇ ಇಲ್ಲಲ್ರಿ ನೀವು,” ಅಂದಳು. “ಊರೆಲ್ಲಾ ತಿರಿಗೀರಿ. ನಮ್ಮ ಮನ್ಯಾಗೇನು ಹಿಡಿ ಜ್ವಾಳ ಇರಲಿಲ್ಲಾ?”

“ನಿಮಗ್ಯಾಕ ತೊಂದರಿ ಅಂತ...” ಸುಶೀಲಮ್ಮ ಅರ್ಧಕ್ಕೇ ನಿಲ್ಲಿಸಿದರು. ತರಗತಿಯಲ್ಲಿ ಅವರು ಅರ್ಧಕ್ಕೆ ನಿಲ್ಲಿಸಿದ್ದನ್ನು ಯಾರೂ ಕಂಡಿರಲಿಕ್ಕಿಲ್ಲ.

ಮಂಡಳಿಯಲ್ಲಿ ಎರಡು ಮಾತಾಯಿತು. “ಹಸದ ಹೊಟ್ಟಿಗೆ ಇಷ್ಟು ಸೊಕ್ಕಾ?” ಎಂದರು ಕೆಲವರು. ಒಬ್ಬ ಹೆಣ್ಣುಮಗಳು ಹೋದರೆ ಏನಂತೆ, ಬೇರೆ ಮಕ್ಕಳು ಉಣ್ಣುತ್ತಿಲ್ಲವೆ? ಉಣ್ಣುತ್ತಿದ್ದವು ನಿಜ. ಆದರೆ ನನಗೆ ಆ ಕಂಬ, ಆ ಸೀರೆಯ ತುಂಡು ಕಣ್ಣಿಂದ ಹೋಗಲಿಲ್ಲ. ಸೀರೆ ಎಷ್ಟು ದಿನ ತಾಳೀತು? ಗಂಟು ಎಷ್ಟು ದಿನ? ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತದೆ, “ಕೇಳಿದ್ದು ತಪ್ಪೇನಿಲ್ಲಲ್ಲ. ಆಕಿ ಬಾಗಿಲಿಗೂ ಹೋಗ್ರಿ,” ಅಂದರು. (ವರ್ಷಕ್ಕೊಮ್ಮೆ ಅವರೂ ಸರಿಯಾದ ಮಾತು ಆಡುತ್ತಾರೆ.)

ಮುಂದಿನ ಶನಿವಾರ ಮೊದಲು ಹೋಗಿದ್ದು ಉರುಕುಂದಮ್ಮನ ಓಣಿಗೆ. ಕಿರಿದಾದ ಓಣಿ, ನಡುವೆ ಚರಂಡಿ, ಎರಡೂ ಕಡೆ ತಗಡಿನ ಮನೆಗಳು. ನಾಮ ಇಟ್ಟುಕೊಂಡ ಹೆಂಗಸರ ಸಾಲು ಕಂಡು ಹುಡುಗರು ಓಡಿಬಂದರು. ಆಕೆಯ ಬಾಗಿಲಲ್ಲಿ ನಿಂತು ಕೂಗಿದೆವು: “ವೆಂಕಟರಮಣಾ ಗೋವಿಂದಾ!”

ಒಳಗಿನಿಂದ ದನಿ ಬಂತು: “ನಿಂದರ್ರಿ.”

ನಿಂತೆವು. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಕುರ್ಚಿ ಇರಲಿಲ್ಲ, ನೆರಳೂ ಇರಲಿಲ್ಲ. ಸುಶೀಲಮ್ಮ ಇನ್ನೊಮ್ಮೆ ಕೂಗಿದರು. ರೊಟ್ಟಿಯ ಸಪ್ಪಳ ನಿಲ್ಲಲಿಲ್ಲ. ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಎಲೆಅಡಿಕೆ ಕುಟ್ಟುತ್ತ, “ಯವ್ವಾ, ಎಂಥೆಂಥೋರು ಬಂದಾರ ನೋಡ್ರೆ ಬೇಡಾಕ! ಒಲಿ ಮ್ಯಾಲ ರೊಟ್ಟಿ ಐತಿ ಆಕಿದು, ಅವಸರ ಮಾಡಬ್ಯಾಡ್ರಿ,” ಎಂದಳು. ಓಣಿಗೆ ಓಣಿಯೇ ನಕ್ಕಿತು. ನಾವೂ ನಕ್ಕೆವು, ಸ್ವಲ್ಪ ತಡವಾಗಿ.

ತಂಬಿಗೆ ಹಿಡಿದ ಕೈ ನೋಯತೊಡಗಿತು. ಎಲ್ಲಿ ನೋಡಬೇಕು ಎಂದು ತಿಳಿಯಲಿಲ್ಲ. ಒಳಗೆ ಇಣುಕಿದರೆ ಆಸೆಬುರುಕರಂತೆ, ಆಚೆ ನೋಡಿದರೆ ಜಂಬದವರಂತೆ. ಕೊನೆಗೆ ನನ್ನ ಕಾಲ ಬೆರಳು ನೋಡುತ್ತ ನಿಂತೆ. ಇಷ್ಟು ವರ್ಷದ ಗೋಪಾಳದಲ್ಲಿ ನನ್ನನ್ನು ಯಾರೂ ಕಾಯಿಸಿರಲಿಲ್ಲ.

ಬೇಕೆಂದೇ ಕಾಯಿಸಿದಳೋ, ನಿಜವಾಗಿ ರೊಟ್ಟಿಯೇ ಇತ್ತೋ, ನಾನು ಕೇಳಲಿಲ್ಲ. ಕೇಳುವುದೂ ಇಲ್ಲ.

ಉರುಕುಂದಮ್ಮ ಕೈ ತೊಳೆದು, ತಲೆಯ ಮೇಲೆ ಸೆರಗು ಹೊದ್ದು, ಮೊರದಲ್ಲಿ ಜೋಳ ತಂದಳು. ಪಾವನಿಯ ಪುಟ್ಟ ಮುಷ್ಟಿಗೂ ತುಂಬಿದಳು. ಕೂಸು ತಂಬಿಗೆಗೆ ಅರ್ಧ ಹಾಕಿ, ಅರ್ಧ ನನ್ನ ಕಾಲ ಮೇಲೆ ಚೆಲ್ಲಿತು. ತಾಯಿ ಉಳಿದದ್ದನ್ನು ಚೀಲಕ್ಕೆ ಸುರಿದಳು. ಆಮೇಲೆ ನಾಮದ ತಂಬಿಗೆಗೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು. ತಂಬಿಗೆಗೆ ಮಾತ್ರ.

ಅಷ್ಟರಲ್ಲಿ ಪಕ್ಕದ ಮನೆಯಿಂದ ಕೂಗು: “ಇಕ್ಕಡಿಕಿ ರಂಡಿ!” ಇಲ್ಲಿಗೆ ಬನ್ನಿ ಅಂತ. “ನಮ್ಮ ಮನಿಗೆ ಬರಂಗಿಲ್ಲೇನ್ರಿ?” ಆ ಓಣಿಯಲ್ಲಿ ಬಿಟ್ಟುಬಂದ ಮನೆ ಒಂದೂ ಇಲ್ಲ. ಎಲೆಅಡಿಕೆಯ ಅಜ್ಜಿ ಎರಡು ಬೆಲ್ಲದ ಉಂಡೆ ಹಾಕಿದಳು.

ಶ್ರಾವಣ ಮುಗಿಯಿತು, ನಮ್ಮ ಗೋಪಾಳ ಮುಗಿಯಲಿಲ್ಲ. ತಿಂಗಳಿಗೊಂದು ಶನಿವಾರ ಹೊರಡುತ್ತೇವೆ. ಶ್ರಾವಣ ಬಿಟ್ಟು ಬೇಡಿದರೆ ಶಾಸ್ತ್ರ ಒಪ್ಪುವುದಿಲ್ಲ ಎಂದು ಇಬ್ಬರು ಮಂಡಳಿ ಬಿಟ್ಟರು. ಅವರ ಶಾಸ್ತ್ರ ಅವರಿಗೆ. ಕೂಸುಗಳ ಹೊಟ್ಟೆ ಮಾಸ ನೋಡಿ ಹಸಿಯುವುದಿಲ್ಲವಲ್ಲ. ಯಾವ ಮಗು ನಮ್ಮಲ್ಲಿ ಉಣ್ಣುತ್ತದೋ ಅದರ ಮನೆಯ ಬಾಗಿಲಿಗೆ ಮೊದಲು ಹೋಗುತ್ತೇವೆ. ಕಲಬೆರಕೆ ಅಕ್ಕಿಯನ್ನು ತಾಯಮ್ಮ ನುಚ್ಚು ಒಡೆಸುತ್ತಾಳೆ, ಈಗ ಎಲ್ಲ ಒಂದೇ ಸಮ ಬೇಯುತ್ತದೆ. ಆಕೆಯ ಸಂಬಳಕ್ಕೆ ಮಾತ್ರ ಇನ್ನೂ ದಾರಿಯಾಗಿಲ್ಲ. ಅಲ್ಪಸ್ವಲ್ಪ ನಾವೇ ಹಾಕುತ್ತೇವೆ, ಪಾತ್ರೆಗಳ ಸದ್ದು ಸ್ವಲ್ಪ ಕಡಿಮೆಯಾಗಿದೆ.

ಸುಶೀಲಮ್ಮ ಮತ್ತೆ ಆಫೀಸಿಗೆ ಹೋದರು. ಶಿಷ್ಯ ಮತ್ತೆ ಎದ್ದು ನಿಂತ, ಮತ್ತೆ ಫ್ಯಾನು. “ಮೀರು ಬಾಗಾ ಮ್ಯಾನೇಜ್ ಚೇಸ್ತುನ್ನಾರು ಕದಾ ಟೀಚರ್!” ಅಂದನಂತೆ. ಚೆನ್ನಾಗಿಯೇ ನಡೆಸುತ್ತಿದ್ದೀರಲ್ಲ! ಹೆಂಗಸರ ಹಣೆಬರಹ ನೋಡಿ. ಹೊಂದಿಸಿಕೊಳ್ಳದಿದ್ದರೆ ಮಕ್ಕಳಿಗೆ ಊಟವಿಲ್ಲ, ಹೊಂದಿಸಿಕೊಂಡರೆ ಗ್ರಾಂಟ್ ಇಲ್ಲ. “ಆ ಉರುಕುಂದಮ್ಮನ ಪಾಲಿನ ಅಗಳು ನಿಮ್ಮಲ್ಲೇ ಉಳಿದೈತಪ್ಪಾ, ಅದನ್ನ ಇಸಕೊಳ್ಳಾಕ ಬಂದೀನಿ,” ಎಂದು ಸುಶೀಲಮ್ಮ ಹೇಳಿದರಂತೆ. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗುವವರೆಗೂ ಹೋಗುತ್ತಾರಂತೆ. ಟೀಚರಲ್ಲವೆ?

ಪಾವನಿ? ಜೋಳ ಹಾಕಿದ ಮೇಲಿನ ಸೋಮವಾರವೇ ಬಂದಳು, ಅದಲುಬದಲು ಚಪ್ಪಲಿಯಲ್ಲಿ. ಉರುಕುಂದಮ್ಮ ಬಿಟ್ಟುಹೋದಳು, ಮಾತೇನೂ ಆಡಲಿಲ್ಲ. ನಾನೂ ಆಡಿಸಲಿಲ್ಲ. ತಟ್ಟೆ ಖಾಲಿಯಾಯಿತೋ ಇಲ್ಲವೋ ನೋಡಿದೆ. ಆಗಿತ್ತು. ಆದರೆ ಬೇರೆ ದಾರಿ ಕಾಣದೆ ಕಳಿಸಿದಳೋ, ಮನಸ್ಸು ಒಪ್ಪಿ ಕಳಿಸಿದಳೋ? ಇದೊಂದು ನನ್ನನ್ನು ಕೊರೆಯುತ್ತಿತ್ತು.

ಮಂಗಳವಾರ ಬೆಳಿಗ್ಗೆ ಮಗಳನ್ನು ಇಳಿಸಿ, ಸೊಂಟಕ್ಕೆ ಕೈಯಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಕೇಳಿದಳು: “ಏನ್ ತಾಯಮ್ಮಕ್ಕಾ, ನಿನ್ನಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದ್ದೇನ? ಕೂಸು ರಾತ್ರೆಲ್ಲಾ ನೀರು ನೀರು ಅಂತು!”

ತಾಯಮ್ಮನಿಗೆ ಸಿಟ್ಟು ಬಂತು. ನಾನು ಮಾತ್ರ ಒಳಗೆ ಹೋಗಿ ತಿಮ್ಮಪ್ಪನಿಗೆ ಕೈ ಮುಗಿದೆ. ತಿರುಪಿ ಅನ್ನಕ್ಕೆ ಯಾರಾದರೂ ಉಪ್ಪು ಜಾಸ್ತಿಯಾಯಿತು ಎನ್ನುತ್ತಾರೇನ್ರಿ?