ಶುಕ್ರವಾರದ ಕೋರಿ ರೊಟ್ಟಿ

ನಮ್ಮ ಸರ್ ಅವರ ಬಲಗೈಯ ತೋರುಬೆರಳು ನಡುಗೆಣ್ಣಿನ ಹತ್ತಿರ ಎಡಕ್ಕೆ ಸೊಟ್ಟಗಾಗಿತ್ತು. ಚಿಕ್ಕವರಿದ್ದಾಗ ಗದಗದ ಕಡೆಯ ತಮ್ಮೂರಿನಲ್ಲಿ ಸೋದರಮಾವನ ಮಗ್ಗ ಹತ್ತಿ ಆಡುವಾಗ ಮುರಿದುಕೊಂಡದ್ದಂತೆ. ಕಟ್ಟಿದವನು ಹಾಗೆಯೇ ಸೊಟ್ಟಗೆ ಕಟ್ಟಿಬಿಟ್ಟಿದ್ದ. ಅವರು ಆ ಬೆರಳೆತ್ತಿ ಪ್ರಶ್ನೆ ಕೇಳಿದರೆ ತರಗತಿಗೆ ಪೀಕಲಾಟ. ತೋರಿಸಿದ್ದು ನನ್ನನ್ನಾದರೆ ಎದ್ದು ನಿಲ್ಲುತ್ತಿದ್ದವನು ಪಕ್ಕದವನು. "ನಾ ಕೇಳಿದ್ದು ನಿನ್ನಲ್ಲಪಾ, ಈ ತಂಗೀನ. ಇರ್ಲಿ, ಎದ್ದೀಯಲ್ಲ, ನೀನ ಹೇಳು," ಎನ್ನುತ್ತಿದ್ದರು. ಹೀಗೆ ಎಷ್ಟೋ ಸಲ ನಾನು ಬಚಾವಾಗಿದ್ದೇನೆ.

ನವಿ ಮುಂಬಯಿಯ ಆ ಕ್ರೈಸ್ತ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಇತ್ತು, ಧರ್ಮಗಳ ಅಧ್ಯಯನ ಇತ್ತು, ಜೊತೆಗೆ ಮುಂದೆ ಪಾದ್ರಿಗಳಾಗುವವರಿಗೆ ಚರ್ಚಿನಲ್ಲಿ ಪ್ರಸಂಗ ಮಾಡುವುದು, ರೋಗಿಗಳ ಹತ್ತಿರ ಕೂರುವುದು, ಮಣ್ಣಿಗೆ ಹೋದಾಗ ಏನು ಹೇಳಬೇಕೆಂಬುದು, ಎಲ್ಲದರ ತರಬೇತಿಯೂ ಇತ್ತು. ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರು ಪಾದ್ರಿಗಳಾಗಲು ಬಂದವರು. ನಾನು ಡೊಂಬಿವಲಿಯ ಹಿಂದೂ ಮನೆಯ ಹುಡುಗಿ, ಉಡುಪಿ ಕಡೆಯ ಅಪ್ಪ ಅಮ್ಮನ ಒಬ್ಬಳೇ ಮಗಳು. ಬಿ.ಎ.ಯಲ್ಲಿ ತತ್ತ್ವಶಾಸ್ತ್ರದ ಹುಚ್ಚು ಹಿಡಿದಿತ್ತು. ಅದನ್ನು ಮುಂದಕ್ಕೆ ಓದಲು ಮನೆಯಿಂದ ಹೋಗಿ ಬರುವಷ್ಟು ಹತ್ತಿರ ಸಿಕ್ಕಿದ್ದು ಇದೊಂದೇ ಕಾಲೇಜು. ಅಷ್ಟೇ ಕಾರಣ. ಆದರೆ ಅಷ್ಟೇ ಕಾರಣ ಎಂದರೆ ಯಾರು ನಂಬಬೇಕು?

ಸರ್ ತಾವೇ ಪಾದ್ರಿಯಾಗಿದ್ದವರು. ಹಾಗಿದ್ದೂ ದೇವರು ಇಲ್ಲ ಎನ್ನುವವರ ವಾದವನ್ನು ಅವರಷ್ಟು ಚೆನ್ನಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಶುಕ್ರವಾರದ ಕೊನೆಯ ತರಗತಿಯಲ್ಲಿ ಅದನ್ನು ಬಿಡಿಸಿ ಬಿಡಿಸಿ ಹೇಳಿ, ಮರುಮಾತು ಕೊಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು. "ಸರ್, ಉತ್ತರ?" ಎಂದರೆ, "ಸೋಮವಾರ ತನಕಾ ಹೊತಗೊಂಡ ತಿರಗ್ರಿ. ಮುಂದ ನಿಮ್ಮ ಚರ್ಚಿನ ಸಭೆಯವರು ಇದನ್ನ ವರ್ಷಾನಗಟ್ಟಲೆ ಹೊತಗೊಂಡ ಕೂತಿರತಾರ," ಎನ್ನುತ್ತಿದ್ದರು. ಪಾದ್ರಿಯಾಗಲು ಬಂದ ಹುಡುಗರು ಶನಿವಾರ ಭಾನುವಾರ ಮುಖ ಬಾಡಿಸಿಕೊಂಡು ಓಡಾಡುವುದನ್ನು ನೋಡಿ ನನಗೆ ಒಳಗೊಳಗೇ ಖುಷಿ.

ನನಗೆ ಬಾಯಿ ಜಾಸ್ತಿ. ಒಂದು ದಿನ ಕಾರಿಡಾರಿನಲ್ಲಿ ನಿಲ್ಲಿಸಿ ನೇರವಾಗಿ ಕೇಳಿಯೇಬಿಟ್ಟೆ: "ಸರ್, ನನ್ನನ್ನು ಕ್ರಿಶ್ಚಿಯನ್ ಮಾಡಬೇಕು ಅಂತ ನಿಮಗೆ ಅನ್ನಿಸುವುದಿಲ್ವಾ?"

ಅವರು ಮುಖ ತಪ್ಪಿಸಲಿಲ್ಲ. "ಅನಸ್ತದ. ಸುಳ್ಳ ಯಾಕ ಹೇಳಲಿ? ನನಗ ರುಚಿ ಆದದ್ದು ನಿನಗೂ ಕೊಡಬೇಕು ಅನಸ್ತದ. ಆದ್ರ ಬಾಯಾಗ ತುರುಕಿದ್ದು ಯಾರ ಮೈಗೂ ಹತ್ತೂದಿಲ್ಲ ತಂಗಿ. ನೀ ಕ್ಲಾಸಿಗೆ ನಡಿ."

ಆ ಉತ್ತರ ಕೇಳಿದ ಮೇಲೆ ನನಗೆ ಅವರ ಬಗ್ಗೆ ಯಾವ ಅನುಮಾನವೂ ಉಳಿಯಲಿಲ್ಲ. ಅನುಮಾನ ಇದ್ದದ್ದು ನಮ್ಮ ಮನೆಯಲ್ಲಿ.

ಅಪ್ಪ ತುರ್ಭೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡಿಗೆಯವರು. ಮೊದಲ ವರ್ಷ ಏನೂ ಅನ್ನದೆ ಕಳಿಸಿದ್ದರು. ಅಷ್ಟರಲ್ಲಿ ಥಾಣೆಯಿಂದ ಒಂದು ಸಂಬಂಧ ಬಂತು. ಹುಡುಗನ ತಾಯಿ ಬಿಸ್ಕತ್ತು ಚಹಾದಲ್ಲಿ ಅದ್ದುತ್ತ, "ಪಾದ್ರಿಗಳ ಕಾಲೇಜಾ?" ಎಂದು ಕೇಳಿದವರು ಮತ್ತೆ ಫೋನ್ ಮಾಡಲಿಲ್ಲ. ಉಲ್ಹಾಸನಗರದಲ್ಲಿ ಹೋಟೆಲಿಟ್ಟಿದ್ದ ದೊಡ್ಡಪ್ಪ ಬಂದು ಅಪ್ಪನ ತಲೆ ತಿಂದು ಹೋದರು. ಮರುದಿನ ಅಪ್ಪ ಊಟಕ್ಕೆ ಕೂತಾಗ ತುಳುವಿನಲ್ಲಿ ಹೇಳಿದ್ದು ಇಷ್ಟೇ: "ಒಂದು ವರ್ಷ ಓದಿದೆಯಲ್ಲ, ಸಾಕು. ಇನ್ನೊಂದು ವರ್ಷ ಬೇಡ." ನಾನು ಕೂಗಾಡಿದೆ, ಅತ್ತೆ, ಊಟ ಬಿಟ್ಟೆ. ಅಪ್ಪನದು ಒಂದೇ ಹಟ. ನಾವಿಬ್ಬರೂ ಮಾತು ಬಿಟ್ಟೆವು. ಅಮ್ಮ ನಡುವೆ ಸಿಕ್ಕಿ, "ಉಪ್ಪಿನಕಾಯಿ ಬೇಕಾ ಕೇಳು ಅವಳಿಗೆ," "ಬೇಡ ಅಂತ ಹೇಳು ಅವರಿಗೆ," ಎಂಬ ನಮ್ಮಿಬ್ಬರ ಮಾತು ಅತ್ತಿಂದಿತ್ತ ಸಾಗಿಸುತ್ತಿದ್ದಳು.

ಸರ್ ಅವರಿಗೆ ನಾನು ಇದನ್ನು ಹೇಳಿದ್ದೆ. "ಹೌದಾ," ಎಂದರು, ಅಷ್ಟೇ. ಅಪ್ಪನ ಹತ್ತಿರ ಮಾತಾಡುತ್ತೇನೆ ಎನ್ನಲಿಲ್ಲ. ನನಗೆ ಸಿಟ್ಟು ಬಂತು.

ಧರ್ಮಗಳ ವಿಷಯದಲ್ಲಿ ಅವರದ್ದೇ ಒಂದು ಪರೀಕ್ಷೆ ಇತ್ತು. ಪಾದ್ರಿಯಾಗುವ ಪ್ರತಿಯೊಬ್ಬನೂ ಬೇರೆ ಧರ್ಮದವರ ಮನೆಗೆ ಹೋಗಿ, ಅವರ ನಂಬಿಕೆಯನ್ನು ಅವರಿಗೇ ವಿವರಿಸಬೇಕು. ಕೇಳಿದ ಮನೆಯವರು, "ಹೌದು, ನಾವು ನಂಬುವುದು ಇದನ್ನೇ," ಎಂದರೆ ಪಾಸು. ಗ್ರಂಥಾಲಯದಲ್ಲಿ ಎಷ್ಟು ತಿಣುಕಿದ್ದರೂ ಆ ಮನೆಯವರು ತಲೆಯಾಡಿಸದಿದ್ದರೆ ನಾಪಾಸು. ನಮ್ಮ ತರಗತಿಯಲ್ಲಿ ಕಲ್ಯಾಣದ ಒಬ್ಬ ಕನ್ನಡದವನಿದ್ದ. ಅವನಿಗೆ ಕರಾವಳಿಯ ದೈವಾರಾಧನೆಯ ವಿಷಯ ಬಂತು. ಸರ್ ನನ್ನ ಕಡೆ ತಿರುಗಿ, "ನಿಮ್ಮ ತಂದೆಯವರು ಪರೀಕ್ಷಾ ಮಾಡತಾರೇನು ಕೇಳಿ ನೋಡು," ಎಂದರು.

ಅಮ್ಮನ ಮೂಲಕ ಕೇಳಿಸಿದೆ. ಅಪ್ಪ ಟಿ.ವಿ. ಬಂದ್ ಮಾಡಿದರು. "ಪಾದ್ರಿ ನನಗೆ ದೈವದ ವಿಷಯ ಹೇಳ್ತಾನಾ? ಬರಲಿ, ಬರಲಿ. ಶುಕ್ರವಾರ ಕ್ಯಾಂಟೀನಿಗೆ ರಜೆ."

ಅದು ಮಾರ್ಚ್ ತಿಂಗಳು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ಕ್ರೈಸ್ತರಿಗೆ ಉಪವಾಸದ ಕಾಲ, ಲೆಂಟ್ ಎನ್ನುತ್ತಾರೆ. ಒಬ್ಬೊಬ್ಬರು ಒಂದೊಂದು ಬಿಡುತ್ತಾರೆ. ಸರ್ ಮಾಂಸ ಬಿಡುತ್ತಿದ್ದರು, ಸಕ್ಕರೆ ಬಿಡುತ್ತಿದ್ದರು. ಆ ದಿನಗಳಲ್ಲಿ ಅವರಿಗೆ ಸ್ವಲ್ಪ ಸಿಡುಕು. ಸಕ್ಕರೆ ಇಲ್ಲದ ಚಹಾ ಕುಡಿದರೆ ಯಾರಿಗಾದರೂ ಹಾಗೆಯೇ, ನಾನು ಅವರ ಮುಖದೆದುರೇ ಹಾಗೆಂದಿದ್ದೆ. "ಖರೇ ಅದ," ಎಂದು ಒಪ್ಪಿಕೊಂಡಿದ್ದರು. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸಿದವರಲ್ಲವಂತೆ.

ಆ ಶುಕ್ರವಾರ ಬೆಳಿಗ್ಗೆ ಅಮ್ಮನಿಗೆ, "ಏನೂ ಮಾಡಬೇಡ, ಚಹಾ ಕೊಟ್ಟರೆ ಸಾಕು," ಎಂದು ಹೇಳಿಯೇ ಕಾಲೇಜಿಗೆ ಹೋಗಿದ್ದೆ. ಮಧ್ಯಾಹ್ನ ಸರ್, ಕಲ್ಯಾಣದವನು, ನಾನು ಮೂವರೂ ಥಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಯಲ್ಲಿ ಇಳಿದು ಬಿಸಿಲಲ್ಲಿ ನಡೆದು ಮನೆ ಮುಟ್ಟಿದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ನ್ಯಾಯಾಧೀಶರ ಗತ್ತಿನಲ್ಲಿ ಕೂತಿದ್ದರು.

ಕಲ್ಯಾಣದವನು ಬೆವರು ಒರೆಸಿಕೊಂಡು ಶುರುಮಾಡಿದ. ಅವನ ಕನ್ನಡ ಅರ್ಧ ಹಿಂದಿ. "ಅಂಕಲ್, ದೈವ ಅಂದ್ರೆ ಊರು ಕಾಯೋ ರಖವಾಲಾ. ಜನ ಏನು ಮಾಡ್ತಾರೆ, ಡರ್ ಇರ್ತದಲ್ಲ, ಅದಕ್ಕೆ ವರ್ಷಕ್ಕೊಮ್ಮೆ ಕೋಲ ಕೊಡ್ತಾರೆ. ದೈವ ಮನುಷ್ಯನ ಮೈಮೇಲೆ ಬಂದು ಮಾತಾಡ್ತದೆ. ಕೊಡದಿದ್ರೆ ಕಾಯಿಲೆ, ನುಕ್ಸಾನ್ ಆಗ್ತದೆ ಅಂತ ಹೆದರಿಕೆ." ಹೀಗೇ ಸುಮಾರು ಹೊತ್ತು ಹೇಳಿದ.

"ಮುಗೀತಾ?" ಅಪ್ಪ ಕೇಳಿದರು. "ನಾಪಾಸು."

ಅವನ ಮುಖ ಸಣ್ಣಗಾಯಿತು. ಅಪ್ಪ ಸರ್ ಕಡೆ ತಿರುಗಿದರು. "ಮಾಸ್ಟ್ರೇ, ಹೆದರಿಕೆ ಇಲ್ಲ ಅಂತಲ್ಲ, ಇದೆ. ಆದ್ರೆ ಬರೀ ಹೆದರಿಕೆಗೆ ಯಾರಾದ್ರೂ ಇಷ್ಟು ದೂರದಿಂದ ವರ್ಷ ವರ್ಷ ಊರಿಗೆ ಹೋಗ್ತಾರಾ? ನಾನು ಬೊಂಬಾಯಿಗೆ ಹೊರಟ ವರ್ಷ ಕೋಲದಲ್ಲಿ ದೈವ ನನ್ನನ್ನು ಹತ್ತಿರ ಕರೆಯಿತು. ನನಗಾಗ ಮೀಸೆಯೂ ಬಂದಿರಲಿಲ್ಲ. ಕೈ ಹಿಡಿದು, 'ಹೋದ ಊರಲ್ಲಿ ನೀನು ಹಸಿದು ಮಲಗಲಿಕ್ಕೆ ನಾನು ಬಿಡುವುದಿಲ್ಲ' ಅಂತು. ಅಪ್ಪ ಇಲ್ಲದ ಮನೆ ನಮ್ಮದು. ಅಂಥ ಮಾತು ನನಗೆ ಬೇರೆ ಯಾರು ಹೇಳಿದ್ರು, ಹೇಳಿ."

ನನಗೆ ಆ ಕತೆ ಗೊತ್ತೇ ಇರಲಿಲ್ಲ. ಅಪ್ಪನ ಮೇಲಿನ ಸಿಟ್ಟು ಇದ್ದಕ್ಕಿದ್ದಂತೆ ಎಲ್ಲಿಡಬೇಕೆಂದು ತಿಳಿಯದಾಯಿತು.

ಸರ್ ಮೆಲ್ಲಗೆ, "ಭಾಳ ದೊಡ್ಡ ಮಾತು ಅದು," ಎಂದರು. ಆಮೇಲೆ ಕಲ್ಯಾಣದವನಿಗೆ, "ಮುಂದಿನ ವಾರ ಮತ್ತ ಬಂದು ಹೇಳಬೇಕು," ಎಂದರು.

"ಬೇಡ ಮಾಸ್ಟ್ರೇ, ಪಾಸು ಮಾಡಿ. ಪಾಪ, ಬಿಸಿಲಲ್ಲಿ ಬಂದಿದ್ದಾನೆ."

"ಇಲ್ರೀ. ನಾಪಾಸ ಅಂದ್ರ ನಾಪಾಸ."

ಇಬ್ಬರೂ ನಕ್ಕರು. ನನಗೆ ಆಸೆ ಹುಟ್ಟಿತು. ಆದರೆ ಅಪ್ಪ ನಗು ನಿಲ್ಲಿಸಿ ಸ್ಪಷ್ಟವಾಗಿ ಹೇಳಿದರು: "ನೀವು ಒಳ್ಳೆಯವರು, ಒಪ್ಪಿದೆ. ಆದ್ರೆ ಮಗಳನ್ನು ಮುಂದಿನ ವರ್ಷ ಕಳಿಸುವುದಿಲ್ಲ. ಅದಕ್ಕಾಗಿ ಬಂದದ್ದಾದ್ರೆ ದಯಮಾಡಿ ಕೇಳಬೇಡಿ."

"ಕೇಳೂದಿಲ್ರೀ," ಎಂದರು ಸರ್. "ಆಕಿ ನಿಮ್ಮ ಮಗಳು."

ಅಷ್ಟರಲ್ಲಿ ಅಮ್ಮ ತಟ್ಟೆ ಹಿಡಿದು ಬಂದಳು. ಗರಿಗರಿ ಅಕ್ಕಿ ರೊಟ್ಟಿ, ಅದರ ಮೇಲೆ ತೆಂಗಿನಹಾಲು ಹಾಕಿದ ಕೆಂಪು ಕೋಳಿಸಾರು. ನಮ್ಮ ಕಡೆಯ ಕೋರಿ ರೊಟ್ಟಿ. ನಮ್ಮ ಮನೆಯಲ್ಲಿ ಶುಕ್ರವಾರ ಮೀನು ಕೋಳಿ ಒಲೆಗೆ ಏರುವುದೇ ಇಲ್ಲ, ಅಮ್ಮನಿಗೆ ಅದು ದೇವಿಯ ದಿನ. "ಕ್ರಿಶ್ಚಿಯನ್ನರು ಮೊದಲ ಸಲ ಮನೆಗೆ ಬರ್ತಾರೆ, ಬರೀ ತಿಳಿಸಾರು ಹಾಕಿ ಕಳಿಸಲಿಕ್ಕಾಗ್ತದಾ?" ಎಂದು ಅವಳೇ ತನ್ನ ನೇಮ ಬದಿಗಿಟ್ಟು, ಅಪ್ಪನನ್ನು ಕೋಳಿ ಅಂಗಡಿಗೆ ಅಟ್ಟಿದ್ದಳು. ಅಡಿಗೆ ಮಾಡಿ ಮತ್ತೊಮ್ಮೆ ತಲೆಗೆ ಸ್ನಾನ ಮಾಡಿದ್ದಳು, ಕೂದಲು ಇನ್ನೂ ಹಸಿಯಿತ್ತು. ಉಡುಪಿಯವರೆಂದರೆ ಸಸ್ಯಾಹಾರಿಗಳು ಎಂದು ನಂಬಿ ಸರ್ ನಿಶ್ಚಿಂತೆಯಿಂದ ಬಂದಿದ್ದರು.

ಕಲ್ಯಾಣದವನು ತಟ್ಟೆ ನೋಡಿದ, ಸರ್ ಮುಖ ನೋಡಿದ. "ಸರ್, ಲೆಂಟ್..." ಎಂದು ಪಿಸುಗುಟ್ಟಿದ.

"ಉಣ್ಣೋ," ಎಂದರು ಸರ್.

ಕಣ್ಣು ಮುಚ್ಚಿ, "ಇದನ್ನ ಮಾಡಿದ ಕೈಗಳನ್ನ ಆಶೀರ್ವದಿಸು," ಎಂದು ಕನ್ನಡದಲ್ಲಿ ಚಿಕ್ಕದಾಗಿ ಪ್ರಾರ್ಥನೆ ಮಾಡಿ, ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ಉಂಡರು. ತಿಂದಂತೆ ಮಾಡಿ ಬದಿಗೆ ಸರಿಸಲಿಲ್ಲ. ಅಮ್ಮ ಮತ್ತೆ ಬಂದಾಗ ತಟ್ಟೆ ಮುಂದೊಡ್ಡಿದರು. ಕೊನೆಗೆ ಅಪ್ಪ ತಾವೇ ಸೌಟು ತೆಗೆದುಕೊಂಡು ಒಂದು ತುಂಡು ಬಡಿಸಿದರು. ಅಮ್ಮನ ಮುಖ ಅಷ್ಟು ಬೆಳಗಿದ್ದನ್ನು ನಾನು ಆ ಕೆಟ್ಟ ತಿಂಗಳುಗಳಲ್ಲಿ ನೋಡಿರಲಿಲ್ಲ.

ಸ್ಟೇಷನ್ನಿಗೆ ಬಿಡಲು ಹೋದಾಗ ತಡೆಯಲಾರದೆ, "ಯಾಕೆ ಸರ್? ಒಂದು ಮಾತು ಹೇಳಿದ್ರೆ ಅಮ್ಮ ಬೇರೆ ಏನಾದ್ರೂ ಕೊಡ್ತಿದ್ಲು," ಎಂದೆ.

"ಉಪವಾಸ ದೇವರ ಮುಂದ ಹಿಡದದ್ದು. ಆತಗ ನಾ ಹೇಳಿಕೋತೀನಿ. ಹಸಿ ತಲಿ ಹೊತಗೊಂಡ ನಿಂತಾಕಿಗೆ ಏನಂತ ಹೇಳಲಿ?" ಆಮೇಲೆ ಗದರುವ ದನಿಯಲ್ಲಿ, "ನಿಮ್ಮವ್ವಗ ಹೇಳೀಗೀಳೀ," ಎಂದರು.

ಅಮ್ಮನಿಗೆ ಹೇಳಲಿಲ್ಲ. ಅಪ್ಪನಿಗೆ ಹೇಳಬೇಡ ಎಂದಿರಲಿಲ್ಲವಲ್ಲ, ಸರ್ ಉಪವಾಸ ಮುರಿದು ಉಂಡದ್ದನ್ನು ಮನೆಗೆ ಬಂದವಳೇ ಹೇಳಿದೆ. ಎಷ್ಟೋ ವಾರಗಳ ಮೇಲೆ ಅಪ್ಪನೊಡನೆ ಆಡಿದ ಮೊದಲ ಮಾತು ಅದು. ಅಪ್ಪ ಎದ್ದು ಅಡಿಗೆಮನೆಯ ಕಡೆ ಒಮ್ಮೆ ನೋಡಿದರು. "ನಿನ್ನ ಅಮ್ಮನಿಗೆ ಗೊತ್ತಾಗುವುದು ಬೇಡ," ಎಂದರು. ಓದಿನ ವಿಷಯ ಎತ್ತಲಿಲ್ಲ. ಏಪ್ರಿಲ್ ಹೋಯಿತು, ಮೇ ಹೋಯಿತು. ನಾನು ಆಸೆ ಬಿಟ್ಟೆ. ಜೂನ್‌ನಲ್ಲಿ ಒಂದು ಬೆಳಿಗ್ಗೆ ಕ್ಯಾಂಟೀನಿಗೆ ಹೊರಟವರು ಬಾಗಿಲಲ್ಲಿ ಛತ್ರಿ ಬಿಡಿಸುತ್ತ, "ಅಡ್ಮಿಷನ್ ಯಾವಾಗ ಮಾರಾಯ್ತಿ? ತಡ ಆದ್ರೆ ಸೀಟು ಕೊಡ್ತಾರಾ?" ಎಂದರು. ನಾನು ಓಡಿಹೋಗಿ ಸರ್ ಅವರಿಗೆ ಹೇಳಿದೆ. "ಛಲೋ ಆತು," ಎಂದವರು ಆ ದಿನ ಬೇಗ ಮನೆಗೆ ಹೊರಟರು.

ಕೋರ್ಸು ಮುಗಿಯಿತು. ಈಗ ನಾನು ಥಾಣೆಯ ಒಂದು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತೇನೆ. ಅಪ್ಪ ನನ್ನ ಕೆಲಸವನ್ನು ಉಲ್ಹಾಸನಗರದ ದೊಡ್ಡಪ್ಪನ ಮುಂದೆ ಬೇಕೆಂದೇ ಜೋರಾಗಿ ಹೇಳುತ್ತಾರೆ. ಮದುವೆಯೂ ಆಯಿತು, ಕಾಲೇಜಿನ ಹೆಸರು ಕೇಳಿ ಹೆದರದವನ ಜೊತೆ.

ಸರ್ ಹೋದ ವರ್ಷ ತೀರಿಕೊಂಡರು. ಮಲಗಿದವರು ಏಳಲಿಲ್ಲ. ಮಣ್ಣಾದ ಮರುವಾರ ಅಪ್ಪ, ಅಮ್ಮ, ನಾನು ಸರ್ ಅವರ ಕಲ್ಯಾಣದ ಮನೆಗೆ ಹೋದೆವು. ಅಮ್ಮ ಅವರ ಹೆಂಡತಿಯ ಕೈ ಹಿಡಿದುಕೊಂಡು, "ಒಮ್ಮೆ ನಮ್ಮಲ್ಲಿಗೆ ಬಂದಿದ್ರು. ಕೋರಿ ರೊಟ್ಟಿ ಮಾಡಿದ್ದೆ. ಕೇಳಿ ಹಾಕಿಸಿಕೊಂಡು ಉಂಡರು, ಪುಣ್ಯಾತ್ಮರು," ಎಂದು ಕಣ್ಣೊರೆಸಿಕೊಂಡಳು. ಅಪ್ಪ ನೆಲ ನೋಡತೊಡಗಿದರು. ಆ ತಾಯಿ ಅಮ್ಮನ ಕೈ ಬಿಡಲಿಲ್ಲ. "ಗೊತ್ತದರೀ ಅಕ್ಕಾರ. ಮನಿಗೆ ಬಂದು ಹೇಳಿದ್ರು. ಭಾಳ ಛಲೋ ಊಟಾ ಅಂದ್ರು."

ಹೊರಡುವಾಗ ನನ್ನನ್ನು ಮಾತ್ರ ಅಡಿಗೆಮನೆಗೆ ಕರೆದರು.

"ನಿನಗ ಹೇಳಿರಲಿಕ್ಕಿಲ್ಲ ಅವರು. ಆ ವರ್ಷ ಈಸ್ಟರಿಗೆ ನಾ ಕೋಳಿ ಮಾಡಿದ್ರ ಮುಟ್ಟಲಿಲ್ಲ. ಸಕ್ಕರೀನೂ ಇಲ್ಲ. ಹಬ್ಬಾ ಬಂತಲ್ರೀ, ಉಪವಾಸ ಮುಗೀತಲ್ಲಾ ಅಂದೆ. 'ಆ ಹುಡುಗಿ ಓದಿಗೆ ಅವರಪ್ಪ ಇನ್ನೂ ಹೂಂ ಅಂದಿಲ್ಲ, ಅನ್ನೂ ತನಕಾ ನಂದು ಮುಗಿಯೂದಿಲ್ಲ' ಅಂದ್ರು. ಮೇ ತಿಂಗಳು ಪೂರ್ತಿ ಹಂಗ ಇದ್ರು. ಜೂನದಾಗ ಒಂದಿನ ಸಂಜೀಕ ಕೋಳಿ ಹಿಡಕೊಂಡ, ಮಳ್ಯಾಗ ತೊಯಿಸಿಕೊಂಡ ಬಂದ್ರು ನೋಡು."

ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ನನ್ನ ಪರವಾಗಿ ಅಪ್ಪನ ಹತ್ತಿರ ಒಂದು ಮಾತೂ ಆಡಲಿಲ್ಲ ಎಂದು ನಾನು ಸಿಟ್ಟಾಗಿದ್ದ ಆ ಮನುಷ್ಯ, ಅಷ್ಟೂ ದಿನ ಸಪ್ಪೆ ಚಹಾ ಕುಡಿದುಕೊಂಡು ನನಗಾಗಿ ದೇವರ ಮುಂದೆ ಕೂತಿದ್ದರು.

ಸ್ಟೇಷನ್ ದಾರಿಯಲ್ಲಿ ಅಮ್ಮ ಮುಂದೆ ಹೋಗುತ್ತಿದ್ದಳು. ಒಳಗೆ ಏನಾಯಿತು ಎಂದು ಅಪ್ಪ ಕೇಳಿದರು. ಹೇಳಿದೆ. ಅವರು ರಸ್ತೆಯ ಬದಿಗೆ ಸರಿದು ನಿಂತರು, ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು, ಮತ್ತೆ ಒರೆಸಿದರು.

"ನನಗೆ ಗೊತ್ತಿದ್ದಿದ್ರೆ," ಎಂದರು, "ಮರುದಿನವೇ ಹೂಂ ಅಂತಿದ್ದೆ."